ಎಂಟನೆಯ ಹಾಡು

ನನ್ನ ಕಿವಿಯ ಬಗ್ಗೆ ನನಗೆ ಮೊದಲಿನಿಂದಲೂ ಭಾರೀ ಹೆಮ್ಮೆ. ಧಾರವಾಡದಲ್ಲಿ ಬೆಳೆದ ಕಿವಿ! ಗಂಗಾನಗರಕ್ಕೆ ಬಾಡಿಗೆಗೆ ಬಂದ ಈ ಹನ್ನೊಂದು ವರ್ಷಗಳಲ್ಲಿ, ಕೆಳಗಿನ ಮನೆಯಲ್ಲಿರುವ ಓನರ್ ಹಬೀಬುಲ್ಲಾ ಸಾಹೇಬರಿಗೆ ಈ ವಿಷಯವನ್ನು ಕನಿಷ್ಠ ನೂರು ಸಲ ಹೇಳಿದ್ದೇನೆ. ನನಗೆ ಹಾಡಲು ಬರುವುದಿಲ್ಲ, ಆದರೆ ಕೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂತ. ಪಾಪ, ಅವರು ನಂಬಿದ್ದರು.

ಹಾಗಾಗಿಯೇ ಅವರ ಮಗ ಜೀಷಾನನ ಆಲ್ಬಮ್ಮಿನ ತೀರ್ಪು ನನ್ನ ಪಾಲಿಗೆ ಬಂತು. ಅವನೂ ಮೂವರು ಗೆಳೆಯರೂ ಸೇರಿ ಎಂಟು ಹಾಡುಗಳ ರಾಕ್ ಆಲ್ಬಮ್ ಮಾಡಿದ್ದರು. ಕುಣಿಯುವ ರಾಕ್ ಅಲ್ಲ; ನಿಧಾನ, ಭಾರ, ಪ್ರಳಯಕ್ಕೆ ಇನ್ನು ಅರ್ಧ ಗಂಟೆ ಬಾಕಿ ಅನ್ನುವ ಥರದ್ದು. ತಾರಸಿಯ ಕೋಣೆಯಲ್ಲಿ ಡ್ರಮ್ಸ್ ಇಟ್ಟುಕೊಂಡು ಎರಡು ವರ್ಷ ಬಡಿದಿದ್ದರ ಫಲ. ಅದು ಸಂಗೀತವೋ ಗಲಾಟೆಯೋ ಅಂತಲೇ ಸಾಹೇಬರಿಗೆ ತಿಳಿದಿರಲಿಲ್ಲ. "ನೀವು ಪೂರ್ತಿ ಕೇಳಿ ಹೇಳಿ ಸಾರ್. ಇದು ಸಂಗೀತಾನೇ ಅಂತ ನೀವು ಅಂದ್ರೆ ಡ್ರಮ್ಸ್ ಅಲ್ಲೇ ಇರುತ್ತೆ. ಇಲ್ಲಾಂದ್ರೆ ಸೋಮವಾರ ರೂಮ್ ಖಾಲಿ ಮಾಡಿಸ್ತೀನಿ," ಅಂದರು. ಜೀಷಾನ್ ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಒಂದು ಹಾಡನ್ನೂ ಬಿಡದೆ ಕೇಳುತ್ತೇನೆ ಅಂತ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಕೂತೆ. ಅವತ್ತೇ ಸಾಹೇಬರ ಮಗಳು ರೂಬಿಯ ನಿಶ್ಚಿತಾರ್ಥ. ಮಧ್ಯಾಹ್ನದ ಊಟಕ್ಕೆ ನಲವತ್ತು ಜನ. ನನ್ನ ಹೆಂಡತಿ ದಾಕ್ಷಾಯಣಿ ಹುಡುಗಿಗೆ ಹೂವಿನ ಜಡೆ ಹೆಣೆಯಲು ಕೆಳಗೆ ಹೊರಟಳು. ಯಾವ ಕಾಲದ ವೈರಿಂಗೋ, ಸಂಪಿನ ಮೋಟಾರಿನ ಸ್ವಿಚ್ ಇರುವುದು ನಮ್ಮ ಹಾಲಿನಲ್ಲಿ. ಹೋಗುತ್ತಾ ಅದನ್ನು ಹಾಕಿ, "ಸಂಪಿನ್ಯಾಗ ನೀರು ಸ್ವಲ್ಪನ ಐತಿ. ಸಪ್ಪಳ ಬದಲಾತು ಅಂದ್ರ ಲಗೂನ ಬಂದ್ ಮಾಡ್ರಿ," ಅಂದಳು. ನೀರಿಲ್ಲದೆ ಓಡಿದರೆ ಮೋಟಾರ್ ಸುಡುತ್ತದೆ ಅನ್ನುವುದು ಈ ಊರಲ್ಲಿ ಮಗುವಿಗೂ ಗೊತ್ತು. ನನ್ನಂಥ ಕಿವಿಗೆ ಇಂಥ ಕೆಲಸವೇ ಅಂತ ಸ್ವಲ್ಪ ಬೇಜಾರಾಯಿತು.

ಯಾರೂ ತೊಂದರೆ ಕೊಡದಿರಲಿ ಅಂತ ಬಾಗಿಲಿಗೆ ಚಿಲಕ ಹಾಕಿದೆ. ಕಿಟಕಿಯ ಕೆಳಗೇ ಮೋಟಾರ್ ಗುರ್ ಅನ್ನುತ್ತಿತ್ತು. ಅದು ಕೇಳಿಸದ ಹಾಗೆ ಸ್ಪೀಕರಿನ ವಾಲ್ಯೂಮ್ ಪೂರ್ತಿ ಏರಿಸಿದೆ. ಮೊದಲ ಹಾಡಿಗೆ ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಅದುರಿದವು. ಮೂರನೆಯದಕ್ಕೆ ನನ್ನ ಹಲ್ಲಿನ ಕ್ಯಾಪ್ ಅದುರಿತು. ಕಣ್ಣು ಮುಚ್ಚಿದೆ. ಐದನೆಯದರ ಹೊತ್ತಿಗೆ ಮೋಟಾರು, ನಿಶ್ಚಿತಾರ್ಥ, ಗಂಗಾನಗರ ಎಲ್ಲವೂ ಮರೆತುಹೋಗಿದ್ದವು.

ಆಮೇಲೆ ಬಂತು ನೋಡಿ ಎಂಟನೆಯ ಹಾಡು! ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಮಾತಿಲ್ಲ. ಒಂದೇ ಸ್ವರ, ಗಂಟಲು ಒಣಗಿದವನ ನರಳಾಟದ ಹಾಗೆ. ಅದು ಮೆಲ್ಲಗೆ ಏರಿತು, ಕೀರಲಾಯಿತು, ತಡವರಿಸಿತು. ಏನೋ ಸುಟ್ಟ ವಾಸನೆ ಕೂಡ ಬಂದಂತಾಯಿತು. ಕಲೆ ಅಂದರೆ ಇದು! ನಡುವೆ ಯಾರೋ ಬಾಗಿಲು ಬಡಿದು "ಅಂಕಲ್, ಅಂಕಲ್" ಅಂತ ಕೂಗಿದರು. ಅದನ್ನೂ ಹಾಡಿಗೇ ಸೇರಿಸಿಕೊಂಡೆ. ಕೊನೆಗೆ ಢಬ್ ಅಂತ ಒಂದು ಸದ್ದು, ಆಮೇಲೆ ಮೌನ.

ನನ್ನ ಕಣ್ಣು ಒದ್ದೆಯಾಗಿತ್ತು. ತಡಮಾಡದೆ ಸಾಹೇಬರಿಗೆ ವಾಯ್ಸ್ ಮೆಸೇಜ್ ಕಳಿಸಿದೆ: "ಹುಡುಗ ದೊಡ್ಡ ಕಲಾವಿದ ಸಾಹೇಬ್ರೇ. ಎಂಟನೇ ಹಾಡೊಂದೇ ಸಾಕು. ಸಾವನ್ನೇ ತಂದು ಕಣ್ಣ ಮುಂದೆ ನಿಲ್ಲಿಸಿದಾನೆ. ಡ್ರಮ್ಸ್ ಇರಲಿ."

ಚಿಲಕ ತೆಗೆದರೆ ಹೊರಗೆ ಜೀಷಾನ್ ಏದುಸಿರು ಬಿಡುತ್ತಿದ್ದಾನೆ, ಹಿಂದೆ ದಾಕ್ಷಾಯಣಿ, ಮೆಟ್ಟಿಲ ತುಂಬ ಹೊಗೆ. ಬೀದಿಯ ತುದಿಯಲ್ಲಿ ಆಟೋದಿಂದ ಕುರ್ಚಿ ಇಳಿಸುತ್ತಿದ್ದ ಜೀಷಾನ್ ಮೋಟಾರಿನ ಸದ್ದು ಕೇಳಿಯೇ ಓಡಿ ಬಂದಿದ್ದನಂತೆ. ದಾಕ್ಷಾಯಣಿ ಸ್ಪೀಕರನ್ನು ಎತ್ತಿ ನೋಡಿದಳು. ಚಾರ್ಜ್ ಮುಗಿದು ಅದು ಯಾವಾಗಲೋ ಆಫ್ ಆಗಿತ್ತು. ಅಷ್ಟರಲ್ಲಿ ಕೆಳಗೆ ಸಾಹೇಬರು ನನ್ನ ಮೆಸೇಜನ್ನು ಬೀಗರೆದುರು ಜೋರಾಗಿ ಹಾಕಿದರು. ಜೀಷಾನ್ ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಹೇಳಿದ:

"ಅಂಕಲ್, ಎಂಟನೇ ಹಾಡಲ್ಲಿ ಬರೀ ಕೊಳಲು. ಎರಡೇ ನಿಮಿಷ."

ಹನ್ನೆರಡಕ್ಕೆ ಟ್ಯಾಂಕರ್ ಬಂದು ಸಂಪು ತುಂಬಿಸಿತು. ಮೇಲಕ್ಕೆ ಏರಿಸಲು ಮೋಟಾರೇ ಇಲ್ಲ. ನಲವತ್ತು ಜನರ ಕೈ ತೊಳೆಯುವ ನೀರಿಗೆ ಹಗ್ಗ, ಬಕೆಟ್ ಮತ್ತು ನಾನು. ಬೀಗರ ಕಡೆಯ ಹಿರಿಯರೊಬ್ಬರು ನನ್ನನ್ನು ಕೆಲಸದವನೆಂದು ತಿಳಿದು, ಇನ್ನೊಂದು ಬಕೆಟ್ ತಾರಪ್ಪ ಅಂದರು. ತಂದುಕೊಟ್ಟೆ.

ಸಂಜೆ ಎಲ್ಲರೂ ಹೋದ ಮೇಲೆ ಸಾಹೇಬರು ಮಗನ ಬೆನ್ನು ತಟ್ಟಿ, ಡ್ರಮ್ಸ್ ಅಲ್ಲೇ ಇರಲಿ ಅಂದರು. ನನ್ನ ಸೊಂಟ ಬಿದ್ದುಹೋಗಿದ್ದರೂ ಎದೆ ಉಬ್ಬಿತು. "ಅಂತೂ ನನ್ನ ಮಾತಿಗೆ ಬೆಲೆ ಕೊಟ್ರಲ್ಲ," ಅಂದೆ.

"ನಿಮ್ಮ ಮಾತಿಗಲ್ಲ ಸಾರ್," ಅಂದರು ಸಾಹೇಬರು. "ಬೀದಿ ಆ ತುದಿಯಿಂದ ಮೋಟಾರ್ ಸಾಯ್ತಿದೆ ಅಂತ ಓಡಿ ಬಂದೋನು ಅವನು. ಅದರ ನೆತ್ತಿ ಮೇಲೇ ಕೂತ್ಕೊಂಡು ವಾಹ್ ಅಂದೋರು ನೀವು. ಸಂಗೀತ ಯಾರಿಗೆ ಗೊತ್ತು ಅಂತ ನಾನು ಇನ್ನೊಬ್ಬರನ್ನ ಕೇಳ್ಬೇಕಾ?"