ನಮ್ಮ ಕೊಟ್ಟಿಗೆಯ ಸಿನಿಮಾಕ್ಕೆ ನಾನು ಕೊಟ್ಟ ಅಭಿಪ್ರಾಯ

ಅಭಿಪ್ರಾಯ ಹೇಳುವುದರಲ್ಲಿ ತಮಿಳು ಸೀಮೆಯ ನಮ್ಮ ಓಡೈಪಟ್ಟಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಮದುವೆ ಮನೆಯ ಸಾಂಬಾರಿಗೆ ಉಪ್ಪು ಕಮ್ಮಿಯಾದರೆ ಅಡುಗೆಯವನನ್ನು ಎಲೆಯ ಮುಂದಕ್ಕೇ ಕರೆಸಿ ಹೇಳುವವನು ನಾನು. ಪಕ್ಕದ ತೋಟದವನು ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ ನೆಟ್ಟರೆ, ಅವನು ಕೇಳದಿದ್ದರೂ ಹೋಗಿ, ಮೂರನೆಯದು ಓರೆಯಾಗಿದೆ ಎಂದು ತಿಳಿಸಿ ಬರುವವನೂ ನಾನೇ. ಸಾಲದ್ದಕ್ಕೆ ನನಗೆ ಕನ್ನಡ ಓದಲು ಬರುತ್ತದೆ. ನಮ್ಮ ಕಡೆ ಕನ್ನಡ ಎಂದರೆ ಮನೆಯೊಳಗಿನ ಮಾತು. ಶಾಲೆ, ಅಂಗಡಿ, ಬಸ್ಸು ಎಲ್ಲಾ ತಮಿಳು. ದ್ರಾಕ್ಷಿ ಲಾರಿಯ ಜೊತೆ ಬೆಂಗಳೂರಿನ ಮಾರುಕಟ್ಟೆಗೆ ಹೋಗಿ ಹೋಗಿ, ಅಲ್ಲಿನ ಬೋರ್ಡು ಓದಿ ಓದಿ ಅಕ್ಷರ ಕಲಿತವನು ಊರಲ್ಲಿ ನಾನೊಬ್ಬನೇ. ಒಬ್ಬ ಮನುಷ್ಯನ ತಲೆ ತಿರುಗಲು ಇಷ್ಟು ಸಾಕಿತ್ತು.

ಆದರೂ ಇನ್ನೊಂದು ಸೇರಿಕೊಂಡಿತು. ಹೋದ ವರ್ಷ ನಾನು ದ್ರಾಕ್ಷಿ ಬೆಳೆಗಾರರ ಸಂಘದ ಕಾರ್ಯದರ್ಶಿಯಾದೆ. ಗೆದ್ದರೆ ಒಂದು ಕರು ಬಿಡುತ್ತೇನೆ ಎಂದು ಕಂಬಂನಲ್ಲಿರುವ ನಮ್ಮ ದೇವರ ದನದ ಹಿಂಡಿಗೆ ಹರಕೆ ಹೊತ್ತಿದ್ದೆ. ಚುನಾವಣೆಯಲ್ಲಿ ನನಗೆ ಎದುರಾಳಿ ಯಾರೂ ಇರಲಿಲ್ಲ. ಇದ್ದರೂ ಇಲ್ಲದಿದ್ದರೂ ಹರಕೆ ಹರಕೆಯೇ. ಆ ಹಿಂಡಿಗೆ ಬಿಟ್ಟ ಕರುವನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ವಾಪಸು ಕೇಳುವಂತಿಲ್ಲ. ನಮ್ಮ ಮನೆಯ ಚುಕ್ಕಿ ಎಂಬ ಕರುವನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆ.

ಈಗ ಸಿನಿಮಾಕ್ಕೆ ಬರುತ್ತೇನೆ. ನನ್ನ ಮಗಳು ನಂದಿನಿ ತೇನಿಯಲ್ಲಿ ಕಾಲೇಜು ಓದುತ್ತಾಳೆ. ಅವಳು ಫೋನಿನಲ್ಲೇ ಹನ್ನೊಂದು ನಿಮಿಷದ ಒಂದು ಚಿತ್ರ ಮಾಡಿದಳು. ಹೆಸರು ‘ಕೊಟ್ಟಿಗೆ’. ನಮ್ಮ ಮನೆಮಾತಿನಲ್ಲೇ ಇತ್ತು, ಕೆಳಗೆ ತಮಿಳು ಅಕ್ಷರ. ದಿಂಡಿಗಲ್ಲಿನ ಒಂದು ಕಾಲೇಜಿನ ಕಿರುಚಿತ್ರ ಸ್ಪರ್ಧೆಗೆ ಕಳಿಸಬೇಕೆಂದು ಅವಳಿಗೆ ಬಹಳ ಆಸೆ. ಆರು ತಿಂಗಳು ಅದೇ ಧ್ಯಾನ. ಊಟಕ್ಕೆ ಕೂತರೂ ಕಿವಿಯಲ್ಲಿ ವೈರು.

“ಅಪ್ಪ, ಒಂದು ದಪ ನೋಡ್ಬುಡು. ನೀನು ಬ್ಯಾಡ ಅಂದ್ರೆ ಕಳ್ಸಲ್ಲ” ಎಂದಳು.

“ಈಗ ನೋಡಿದ್ರೆ ಪಕ್ಷಪಾತ ಆಯ್ತದೆ ಕಣ್ ಮಗ್ಳೆ. ಅಭಿಪ್ರಾಯ ಹೇಳೋನು ದೊಡ್ಡ ಪರದೆ ಮೇಲೆ, ಜನದ ಜೊತೆ ಕೂತು, ಮೊದಲ ದಪ ನೋಡ್ಬೇಕು” ಎಂದೆ. ಇದನ್ನು ಯಾವುದೋ ವಿಡಿಯೋದಲ್ಲಿ ಕೇಳಿದ್ದೆ.

ಮಾರನೆಯ ದಿನ ಮತ್ತೆ ಕೇಳಿದಳು. ಅದರ ಮಾರನೆಯ ದಿನ ನನ್ನ ಹೆಂಡತಿ ಮಲ್ಲಿಕಾ ಬಂದು, “ರೊಂಬ ಕೇಳ್ಕತಾ ಅವ್ಳೆ, ನೋಡ್ಬುಡ್ರಿ. ಆಮ್ಯಾಕೆ ನಮ್ಮ ಮ್ಯಾಲೆ ಬರ್ಬ್ಯಾಡ್ರಿ” ಎಂದಳು. ಹೆಂಡತಿಯ ಮಾತಿನಲ್ಲಿದ್ದ ಎಚ್ಚರಿಕೆಯನ್ನು ಗುರುತಿಸುವಷ್ಟು ಬುದ್ಧಿ ನನಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ನಾನೇ ಸಂಘದ ಕಟ್ಟಡದಲ್ಲಿ ಒಂದು ಭಾನುವಾರ ಮಧ್ಯಾಹ್ನ ಪ್ರದರ್ಶನ ಏರ್ಪಡಿಸಿದೆ. ಬಿಳಿ ಪಂಚೆ ಕಟ್ಟಿ ಪರದೆ ಮಾಡಿದೆವು. ಸ್ಪೀಕರು ತರಿಸಿದೆ, ಮೈಕು ತರಿಸಿದೆ, ಎಂಬತ್ತು ಕುರ್ಚಿ ಹಾಕಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಹೊಸ ನೋಟುಬುಕ್ಕು ಕೊಂಡು, ಗೆರೆ ಎಳೆದು, ಕಥೆ, ಛಾಯಾಗ್ರಹಣ, ನಟನೆ, ಧ್ವನಿ ಎಂದು ನಾಲ್ಕು ಅಂಕಣ ಮಾಡಿಕೊಂಡೆ. ನನ್ನ ಮರ್ಯಾದೆ ಹೋಗಲು ಬೇಕಾದ ಸಕಲ ಸಿದ್ಧತೆಯನ್ನೂ ಹೀಗೆ ನನ್ನ ಕೈಯಾರೆ ಮಾಡಿದೆ.

ಚಿತ್ರ ಶುರುವಾಯಿತು. ನಮ್ಮದೇ ಕೊಟ್ಟಿಗೆ. ನಮ್ಮದೇ ಹಸು. ನನ್ನ ತಾಯಿ, ಎಪ್ಪತ್ತೆಂಟರ ಅವ್ವ, ಚುಕ್ಕಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾ ಕೂತಿದ್ದಾಳೆ. ಹುಟ್ಟಿದಾಗ ಆ ಕರು ಏಳಲಾರದೆ ಬಿದ್ದಿತ್ತು, ಅವ್ವನೇ ಮಡಿಲಲ್ಲಿಟ್ಟುಕೊಂಡು ಬದುಕಿಸಿದವಳು. ಆಮೇಲೆ ಪರದೆಯಲ್ಲಿ ಗೋಡೆ ಮಾತ್ರ ಕಾಣುತ್ತದೆ, ಮನೆಯೊಳಗಿಂದ ಮಾತು ಕೇಳುತ್ತದೆ.

“ಮಗಾ, ಚುಕ್ಕಿ ಇರ್ಲಿ ಕಣಪ್ಪ. ದೇವರಿಗೆ ಬ್ಯಾರೆ ಕರು ಬಿಡಾಣ.”

“ನಿನ್ನ ಕೇಳ್ದವ್ರು ಯಾರವ್ವ? ಸುಮ್ನ ಕೂತ್ಕ. ನಿಂಗೇನ್ ಗೊತ್ತಾಯ್ತದೆ! ಎಲ್ಲಾದಕ್ಕೂ ಒಂದು ಮಾತು. ಕಾಪಿ ಎಲ್ಲಿ?”

ಆ ಮೇಲೆ ಅವ್ವ ಕೊಟ್ಟಿಗೆಗೆ ಬಂದು ಕರುವಿನ ಕತ್ತಿನಲ್ಲಿ ಮುಖ ಇಟ್ಟು ಅಳುತ್ತಾಳೆ. ಕೊನೆಗೆ ಖಾಲಿ ಗೂಟ. ಚಿತ್ರ ಮುಗಿಯಿತು.

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಮೈಕು ತೆಗೆದುಕೊಂಡೆ.

“ಮಾನ್ಯರೇ,” ಎಂದು ಸಭೆಯ ತಮಿಳಿನಲ್ಲಿ ಶುರುಮಾಡಿದೆ, “ಮಗಳೆಂದು ನಾನು ರಿಯಾಯಿತಿ ತೋರಿಸುವುದಿಲ್ಲ. ಕಥೆ ಪರವಾಗಿಲ್ಲ. ಬೆಳಕು ಕಮ್ಮಿ. ಹಸು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮೆಲುಕು ಹಾಕುತ್ತದೆ. ನಮ್ಮ ಅವ್ವ ಚೆನ್ನಾಗಿ ನಟಿಸಿದ್ದಾರೆ. ಆದರೆ ಆ ಮಗನ ಧ್ವನಿ ಇದೆಯಲ್ಲ, ಅದು ಸುಳ್ಳು. ಚಿತ್ರವನ್ನು ಕೆಡಿಸಿದ್ದೇ ಅದು. ಯಾರೋ ಹೊರಗಿನವನನ್ನು ಕರೆಸಿ ಮಾತಾಡಿಸಿದ್ದಾರೆ. ಹೆತ್ತ ತಾಯಿಯ ಹತ್ತಿರ ಹೀಗೆ ಮಾತಾಡುವ ಗಂಡಸು ನಮ್ಮ ಜನದಲ್ಲಿ ಇದ್ದಾನಾ? ನೀವೇ ಹೇಳಿ.”

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಂದಿಬ್ಬರು ನಕ್ಕರು. ನನ್ನ ಮಾತಿಗೆ ಸಭೆ ಒಲಿಯುತ್ತಿದೆ ಎಂದುಕೊಂಡು ನನಗೆ ಹುರುಪು ಬಂತು.

“ಆ ಕೃತಕ ಧಾಟಿ ನೋಡಿ,” ಎಂದು ಹೇಳಿ ಅವನ ಹಾಗೇ ಮಾಡಿ ತೋರಿಸಿದೆ. “‘ನಿನ್ನ ಕೇಳ್ದವ್ರು ಯಾರವ್ವ? ಸುಮ್ನ ಕೂತ್ಕ...’”

ಅನುಕರಣೆ ಅದ್ಭುತವಾಗಿ ಬಂತು. ನನಗೇ ಆಶ್ಚರ್ಯವಾಯಿತು. ಸಭೆ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಮಲ್ಲಿಕಾ ಮುಖ ಮುಚ್ಚಿಕೊಂಡಳು. ನಂದಿನಿ ಲ್ಯಾಪ್‌ಟಾಪಿನ ಹಿಂದೆ ಬಗ್ಗಿ ಮಾಯವಾದಳು. ಸಂಘದ ಹಿರಿಯರಾದ ಕೆಂಚಣ್ಣ ಮಾಮ ಎದ್ದು ಬಂದು ನನ್ನ ಮೊಣಕೈ ಹಿಡಿದು, “ಬೊಮ್ಮಯ್ಯ, ಸಾಕು, ಕೂತ್ಕ ಬಾ” ಎಂದರು.

“ಇರ್ರಿ ಮಾಮ, ಧ್ವನಿ ಅಂಕಣ ಇನ್ನೂ ಮುಗಿದಿಲ್ಲ. ಆ ಮನುಷ್ಯ ನನ್ನ ಕೈಗೆ ಸಿಕ್ಕಲಿ...”

ಆಗ ಮುಂದಿನ ಸಾಲಿನಿಂದ ಅವ್ವ ಶಾಂತವಾಗಿ ಹೇಳಿದಳು. “ಅದು ನೀನೇ ಅಲ್ವ ಮಗಾ.”

ನಗು ನಿಂತುಹೋಯಿತು. ಅವ್ವ ಅಷ್ಟಕ್ಕೇ ಬಿಡಬಹುದಿತ್ತು. ಆದರೆ ತಾಯಿ ತಾನೆ, ಸುತ್ತಲೂ ತಿರುಗಿ ಸಭೆಗೆ ನನ್ನ ಪರವಾಗಿ ವಕಾಲತ್ತು ಮಾಡಿದಳು. “ಅವ ಅಂಗೇ ಮಾತಾಡೋದು. ಕೆಟ್ಟವ ಅಲ್ಲ.”

ನಾನು ಒಪ್ಪಲಿಲ್ಲ. ಇನ್ನೊಂದು ಸಲ ಹಾಕಲು ನಂದಿನಿಗೆ ಹೇಳಿದೆ. ಹಾಕಿದಳು. ಈ ಸಲ ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ‘ಕಾಪಿ ಎಲ್ಲಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಬೆವರು ಕುತ್ತಿಗೆಯಿಂದ ಅಂಗಿಯೊಳಕ್ಕೆ ಇಳಿಯಿತು. ಅದು ನಾನೇ. ಕೊಟ್ಟಿಗೆ ನಮ್ಮದು, ಹಸು ನಮ್ಮದು, ಅವ್ವ ನಮ್ಮವಳು ಎಂದು ಗೊತ್ತಾದವನಿಗೆ, ಮಗನೊಬ್ಬನನ್ನು ಮಾತ್ರ ಬೇರೆ ಊರಿಂದ ಬಾಡಿಗೆಗೆ ತಂದಿದ್ದಾರೆ ಎಂದು ಹೇಗೆ ಅನ್ನಿಸಿತೋ ದೇವರಿಗೇ ಗೊತ್ತು.

ನನ್ನ ಪರವಾಗಿ ಒಂದೇ ಒಂದು ಮಾತು ಹೇಳಿಕೊಳ್ಳುತ್ತೇನೆ. ಸಂಘದ ಸಭೆಯಲ್ಲಿ, ಬ್ಯಾಂಕಿನಲ್ಲಿ ನನ್ನ ದನಿ ನನಗೆ ಗೊತ್ತು. ಅದು ತಮಿಳು ದನಿ, ‘ವಾಂಗ, ಉಕ್ಕಾರುಂಗ’, ಬನ್ನಿ, ಕೂತುಕೊಳ್ಳಿ ಎನ್ನುವ ಮರ್ಯಾದೆಯ ದನಿ. ಮನೆಮಾತು ಸ್ಪೀಕರಿನಿಂದ ಬಂದದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅದು ಮನೆಯೊಳಗೇ ಹುಟ್ಟಿ, ಅವ್ವ ಮತ್ತು ಮಲ್ಲಿಕಾರ ಕಿವಿಯಲ್ಲೇ ಮುಗಿದುಹೋಗುತ್ತಿತ್ತು. ಊರಿಗೆಲ್ಲ ಗುರುತು ಸಿಕ್ಕಿತು, ಏಕೆಂದರೆ ನಮ್ಮ ಮನೆಯ ಗೋಡೆ ದಪ್ಪವಿಲ್ಲ.

ಮನೆಗೆ ಬಂದ ಮೇಲೆ ನಂದಿನಿ ಅಳುತ್ತಾ ಹೇಳಿದಳು. “ಕರು ಸದ್ದಿಗೇಂತ ಫೋನು ಮೇವಿನ ಗ್ವಾದ್ಲೀಲಿ ಇಟ್ಟಿದ್ದೆ ಅಪ್ಪ. ಅದ್ರೊಳಗೆ ನೀನು ಬಂದೆ. ಅದಕ್ಕೇ ಮೊದ್ಲು ನೋಡು ಅಂದೆ. ಈಗ ಅದ ತೆಗ್ದಾಕ್ತೀನಿ, ಬುಡು.”

“ತೆಗೆದ್ರೆ ಏನು ಉಳೀತದೆ?”

“ಏನೂ ಇಲ್ಲ. ಅಜ್ಜಿ ಯಾಕ ಅಳ್ತಾಳೆ ಅಂತ ಯಾರಿಗೂ ತಿಳಿಯಲ್ಲ. ಕಳ್ಸದೇ ಬ್ಯಾಡ.”

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅವ್ವ ಕೊಟ್ಟಿಗೆಯಲ್ಲಿ ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ. ಸಿನಿಮಾದಲ್ಲಿ ನೋಡಿ ‘ಚೆನ್ನಾಗಿ ನಟಿಸಿದ್ದಾರೆ’ ಎಂದು ಅಂಕಣದಲ್ಲಿ ಬರೆದಿದ್ದೆ. ನನ್ನ ಹರಕೆಗೆ ಅವಳ ಕರು ಕೊಟ್ಟಿದ್ದೆ, ಅವಳನ್ನು ಕೇಳದೆ. ಎದುರಾಳಿಯೇ ಇಲ್ಲದ ಚುನಾವಣೆಗೆ.

ಇಷ್ಟು ನಾಚಿಕೆಯಾದ ಮೇಲೆ ಸುಮ್ಮನಿರಬೇಕಿತ್ತು. ನನಗೊಂದು ಉಪಾಯ ಹೊಳೆಯಿತು. ಆ ಮಾತನ್ನೇ ನಾನು ಮರ್ಯಾದೆಯಾಗಿ ಇನ್ನೊಮ್ಮೆ ಆಡಿ, ಹಳೆಯದರ ಜಾಗಕ್ಕೆ ಸೇರಿಸಿಬಿಡುವುದು! ಫೋನು ಹಿಡಿದು ಕೊಟ್ಟಿಗೆಯಲ್ಲಿ ನಿಂತು, ಜೇನು ಬೆರೆಸಿದ ದನಿಯಲ್ಲಿ, “ಅವ್ವ, ನಿನ್ನ ಮನಸ್ಸು ನಂಗೆ ಗೊತ್ತವ್ವ. ಆದ್ರೂ ದೇವರ ಹರಕೆ ಅಲ್ವ?” ಎಂದೆ. ಮೊದಲ ಸಲ ಹಸು ಕೂಗಿತು. ಎರಡನೇ ಸಲ ನಾನು ಮಾತು ಮರೆತೆ. ಒಂಬತ್ತನೇ ಸಲ ಸಿಟ್ಟು ಬಂದು ಹಸುವನ್ನು ಗದರಿದೆ, ಆ ಗದರಿಕೆ ಮಾತ್ರ ಅತ್ಯುತ್ತಮವಾಗಿ ಮುದ್ರಣವಾಯಿತು. ಹದಿನಾಲ್ಕನೇ ಸಲ ಎಲ್ಲಾ ಸರಿಯಾಗಿ ಬಂತು ಎನ್ನುವಾಗ ಒಳಗಿಂದ ಅವ್ವ ಕೇಳಿದಳು.

“ಮಲ್ಲಿಕಾ, ಕೊಟ್ಟಿಗೇಲಿ ಯಾರು ಬಂದವ್ರೆ? ಪಾಪ, ಒಳ್ಳೆ ಮನ್ಸ ಇದ್ದಂಗವ್ನೆ. ಕಾಪಿ ಕೊಡವ್ವ.”

ಫೋನನ್ನು ನಂದಿನಿಯ ಕೈಗಿಟ್ಟೆ. ಇದ್ದದ್ದು ಇದ್ದ ಹಾಗೇ ದಿಂಡಿಗಲ್ಲಿಗೆ ಕಳಿಸು ಎಂದೆ.

ಸ್ಪರ್ಧೆಯ ದಿನ ಅವ್ವನೂ ಬರುತ್ತೇನೆಂದಳು. ತೇನಿಯಲ್ಲಿ ಬಸ್ಸು ಬದಲಾಯಿಸಿ, ನಾವು ಮೂವರೂ ಹೋಗಿ ಕಾಲೇಜಿನ ದೊಡ್ಡ ಹಾಲಿನಲ್ಲಿ ಕೂತೆವು. ಚಿತ್ರ ತೋರಿಸಿದ ಮೇಲೆ ಮಾಡಿದವರು ವೇದಿಕೆಗೆ ಹೋಗಬೇಕು, ತೀರ್ಪುಗಾರರು ಅಲ್ಲೇ ಅಭಿಪ್ರಾಯ ಹೇಳುತ್ತಾರೆ. ಆಮೇಲೆ ಸಭೆಯವರು ಮಾತಾಡಲೆಂದು ಒಂದು ಮೈಕು ಕೈಯಿಂದ ಕೈಗೆ ಬರುತ್ತಿತ್ತು. ‘ಕೊಟ್ಟಿಗೆ’ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಕನ್ನಡಕ ಹಾಕಿದ ಒಬ್ಬ ಪ್ರೊಫೆಸರು. ತಮಿಳಿನಲ್ಲಿ ಮಾತಾಡಿದರು.

“ಆ ಅಜ್ಜಿ ತುಂಬಾ ಚೆನ್ನಾಗಿದ್ದಾರಮ್ಮ. ಕೊಟ್ಟಿಗೆಯ ಬೆಳಕು ಚೆನ್ನಾಗಿದೆ. ಆದರೆ ಆ ಮಗ ಇದ್ದಾನಲ್ಲ, ಅವನನ್ನು ನಂಬಲಿಕ್ಕೆ ಆಗಲಿಲ್ಲ. ಸೀರಿಯಲ್ ನೋಡಿ ಬರೆದ ಹಾಗಿದೆ. ದೇವರಿಗೆ ಕರು ಬಿಡುವ ಮನುಷ್ಯ ಹೆತ್ತ ತಾಯಿಗೆ ಹಾಗೆ ಹೇಳುತ್ತಾನಾ? ಅದಕ್ಕೇ ನಾನು ಅಂಕ ಕಮ್ಮಿ ಮಾಡಬೇಕಾಯಿತು.”

ಅಂದರೆ ಆ ಮಗನ ಮಟ್ಟಿಗೆ ಪ್ರೊಫೆಸರ ಅಭಿಪ್ರಾಯ ನನ್ನ ಅಭಿಪ್ರಾಯದ ಪಡಿಯಚ್ಚು. ಬೇರೆ ಯಾವ ದಿನವಾದರೂ ನಾನು ಹಿಗ್ಗುತ್ತಿದ್ದೆ.

ನಂದಿನಿ ನನ್ನ ಕಡೆ ಒಮ್ಮೆ ನೋಡಿದಳು. ಒಂದು ಮಾತು ಹೇಳಿದ್ದರೆ ಅವಳ ಅಂಕ ಉಳಿಯುತ್ತಿತ್ತು. ಅವಳು ನೆಲ ನೋಡಿಕೊಂಡು, “ಸರಿ ಸಾರ್” ಎಂದಳು. ನನ್ನ ಮಾನ ಉಳಿಸಲು ಆರು ತಿಂಗಳ ಕೆಲಸವನ್ನು ಬಿಟ್ಟುಕೊಡುತ್ತಿದ್ದಳು. ಪಕ್ಕದವರ ಕೈಯಿಂದ ಮೈಕು ತೆಗೆದುಕೊಂಡು ಎದ್ದು ನಿಂತೆ.

“ಸಾರ್, ಅಂಥ ಮಗ ಇದ್ದಾನೆ. ನಾನೇ. ಅದು ನಟನೆ ಅಲ್ಲ, ನನ್ನ ದನಿ. ಈ ಹುಡುಗಿಯ ತಂದೆ ನಾನು” ಎಂದೆ, ಅತ್ಯಂತ ವಿನಯದ ತಮಿಳಿನಲ್ಲಿ.

ಪ್ರೊಫೆಸರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಗಳ ಮೇಲಿನ ಪ್ರೀತಿ ಅರ್ಥವಾಗುತ್ತದೆ ಅಯ್ಯಾ. ಆದರೆ ನಿಮ್ಮಂಥ ಸಾಧು ಮನುಷ್ಯರು ಹಾಗೆ ಮಾತಾಡುವುದುಂಟೇ?” ಎಂದು ನಕ್ಕರು.

ನನ್ನ ವಿನಯವೇ ನನಗೆ ಮುಳುವಾಯಿತು. ಇಲ್ಲ ಸಾರ್, ಹೌದು ಸಾರ್, ಕೇಳಿ ಸಾರ್ ಎಂದು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ನನ್ನ ಅಂಗಿ ಹಿಡಿದು ಎಳೆದಳು. “ಮಗಾ, ಬುಡು. ನಾ ಏಳ್ತೀನಿ ಅವ್ರಿಗೆ...”

“ನಿನ್ನ ಕೇಳ್ದವ್ರು ಯಾರವ್ವ? ಸುಮ್ನ ಕೂತ್ಕ! ನಿಂಗೇನ್ ಗೊತ್ತಾಯ್ತದೆ!”

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ದಿಂಡಿಗಲ್ಲಿನ ಆ ಹಾಲಿನ ನಾಲ್ಕು ಮೂಲೆಯ ಸ್ಪೀಕರಿನಿಂದಲೂ ನನ್ನ ಮನೆಮಾತು ಹೊರಬಂತು. ಪ್ರೊಫೆಸರಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೆ ಆ ಸಾಲುಗಳನ್ನು ಅವರು ಐದು ನಿಮಿಷದ ಹಿಂದೆ ತಮಿಳಿನಲ್ಲಿ ಓದಿದ್ದರು. ಅವರ ನಗು ಆರಿತು. ಪೆನ್ನು ತೆಗೆದು, ಕಾಗದದಲ್ಲಿ ಒಂದು ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಬೇರೆ ಬರೆದರು.

ನಾನು ಕುಸಿದು ಕೂತೆ. ಅವ್ವನ ಮುಖ ನೋಡಲಾಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, ನನಗೊಬ್ಬನಿಗೇ ಎಂಬಂತೆ ಮೆಲ್ಲಗೆ ಕೇಳಿದಳು.

“ಈಗಾದ್ರೂ ಕೇಳಿಸ್ತ ಮಗಾ?”

“ಕೇಳಿಸ್ತವ್ವ” ಎಂದೆ. ಮೈಕನ್ನು ಇನ್ನೂ ಯಾರೂ ನನ್ನ ಕೈಯಿಂದ ತೆಗೆದುಕೊಂಡಿರಲಿಲ್ಲ. ಆ ಮಾತೂ ಎಲ್ಲರಿಗೂ ಕೇಳಿಸಿತು.