ಕೊಟ್ಟಿಗೆಯೊಳಗೆ ಕುಳ್ಳಯ್ಯ, ಹೊರಗೆ ಚುಕ್ಕಿ

ಬೂಕನಕೆರೆಯ ಕುಳ್ಳಯ್ಯನ ಸೀಮೆಹಸು ಚುಕ್ಕಿ ಏಕಾದಶಿಯ ದಿನ ಹಿಂಡಿ ಮುಟ್ಟುತ್ತಿರಲಿಲ್ಲ. ಅಮಾವಾಸ್ಯೆಗೆ ತಾನೇ ತೊಟ್ಟಿಯಲ್ಲಿ ಮುಖ ತೊಳೆದುಕೊಳ್ಳುತ್ತಿತ್ತು. ಬೇಜಾರಾದಾಗ ಕೊಟ್ಟಿಗೆಯ ಅಗುಳಿಯನ್ನು ನಾಲಿಗೆಯಲ್ಲಿ ಎತ್ತಿ ಆಚೆ ಬಂದು, ಹಿಂದಿನಿಂದ ಬಾಗಿಲು ಹಾಕಿ, ಬೀದಿಯಲ್ಲಿ ಒಂದು ಸುತ್ತು ಹಾಕಿಕೊಂಡು ಬರುತ್ತಿತ್ತು. ಇನ್ನು ಕುಳ್ಳಯ್ಯ ಕೊಟ್ಟಿಗೆಗೆ ಹೋಗಿ ಒಂದು ಸಲ ಕೆಮ್ಮಿದನೆಂದರೆ, ತೂಬು ಎತ್ತಿದ ಕಾಲುವೆಯ ಹಾಗೆ ಹಾಲು ಬಕೆಟ್ಟಿಗೆ ಸುರಿಯುತ್ತಿತ್ತು.

ಇಷ್ಟನ್ನೂ ಹೇಳಿದವನು ಕುಳ್ಳಯ್ಯ. ನಂಬಿದವರು ಯಾರೂ ಇಲ್ಲ. ಆದರೆ ಈ ರಾಶಿ ಬುರುಡೆಯ ನಡುವೆ ಒಂದು ಮಾತನ್ನು ಮಾತ್ರ ಊರು ನಂಬಿತ್ತು: ದಿನಾ ಹಾಲು ಕರೆಯುವವನು ಅವನೇ. ಎರಡು ಹೊತ್ತೂ ಡೈರಿಗೆ ಕ್ಯಾನು ತರುತ್ತಿದ್ದವನು ಅವನೇ ಅಲ್ಲವೇ?

ಆ ಮಾತೇ ಅವತ್ತು ಬೆಳಿಗ್ಗೆ ಡೈರಿ ಮುಂದೆ ಅವನ ಕುತ್ತಿಗೆಗೆ ಬಂತು. ಡೈರಿ ಸಂಘದ ಡೈರೆಕ್ಟರ್ ಚುನಾವಣೆಗೆ ನಾಮಪತ್ರ ಹಾಕಲು ಮಾರನೆಯ ದಿನವೇ ಕೊನೆ. ಕುಳ್ಳಯ್ಯ ಎದೆ ಉಬ್ಬಿಸಿ, "ಆಲು ಕರೆಯೋನ್ಗೇ ಗೊತ್ತು ಕಣ್ಲಾ ಆಲಿನ ಕಷ್ಟ. ನಂಗೇ ಓಟಾಕಿ," ಎಂದ.

ಎದುರಾಳಿ ಪುಟ್ಟರಾಜು ಬೀಡಿ ಎಸೆದ. "ಅಂಗಾದ್ರೆ ಒಂದ್ ಕೆಲ್ಸ ಮಾಡು ಕುಳ್ಳಣ್ಣ. ಸಂಜೀಕೆ ನಾವೆಲ್ಲ ಬತ್ತೀವಿ. ಕೆಮ್ಮಿ ಕರ್ದು ತೋರ್ಸು. ಆಲು ಬಂತಾ, ನಾನು ನಿಂತ್ಕಳದೇ ಇಲ್ಲ. ಬರ್ನಿಲ್ವಾ, ನೀನು ನಾಮಪತ್ರದ್ ಹೆಸ್ರೇ ಎತ್ಬೇಡ."

"ಬಾರ್ಲಾ! ಊರ್ನೇ ಕರ್ಕಂಡು ಬಾ!" ಎಂದುಬಿಟ್ಟ ಕುಳ್ಳಯ್ಯ. ಎಂದ ಮೇಲೆ ಬೆನ್ನಿನಲ್ಲಿ ಹಳ್ಳದಂತೆ ಬೆವರು ಹರಿಯಿತು. ಏಕೆಂದರೆ ಅವನು ಜನ್ಮದಲ್ಲಿ ಚುಕ್ಕಿಯ ಕೆಚ್ಚಲು ಮುಟ್ಟಿರಲಿಲ್ಲ. ಕರೆಯುತ್ತಿದ್ದವಳು ಹೆಂಡತಿ ಚಲುವಮ್ಮ. ಅವಳು ಬೆಳಿಗ್ಗೆ ಹಾಲು ಕರೆದಿಟ್ಟು, ಮಹಿಳಾ ಸಂಘದ ಹೆಂಗಸರ ಜೊತೆ ಗಂಜಾಂನ ನಿಮಿಷಾಂಬನ ಗುಡಿಗೆ ಬಸ್ಸು ಹತ್ತಿದ್ದಳು.

ಮಧ್ಯಾಹ್ನ ಫೋನು ಮಾಡಿದ. "ಎಲ್ಲಿದ್ದೀಯಮ್ಮಿ?"

"ವಾಪಸ್ ಬತ್ತಾ ಪಾಂಡವಪುರದಲ್ಲಿ ಬಸ್ಸು ಕೆಟ್ಟು ನಿಂತದೆ. ನಾ ಬರದು ವೊತ್ತಾಯ್ತದೆ. ನೀನೇ ಕರ್ಕೋ."

"ನಂಗೆಲ್ಲಿ ಬುಡ್ತದೆ ಆಲಾ?"

"ನನ್ ಸೀರೆ ಉಟ್ಕಂಡು ವೋಗು. ಆ ತಂತಿ ಮೇಲಿರೋ ಅಸಿರು ಸೀರೆ. ವಾಸ್ನೆ ಹಿಡಿದ್ರೆ ನಾನೇ ಅಂದ್ಕತದೆ."

ಕರೆಯುವ ಹೆಂಗಸು ಊರಿಗೆ ಹೋದರೆ ಗಂಡಸರು ಅವಳ ಸೀರೆ ಸುತ್ತಿಕೊಂಡು ಕರೆಯುವುದು ಆ ಸೀಮೆಯಲ್ಲಿ ಹೊಸದಲ್ಲ. ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, ಅಷ್ಟೆ. ಕುಳ್ಳಯ್ಯ ಲೆಕ್ಕ ಹಾಕಿದ. ಜನ ಬರುವ ಮುಂಚೆ ಕರೆದುಬಿಡುವುದು. ಸೀರೆ ಬಿಚ್ಚಿ ಎಸೆದು, ತುಂಬಿದ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತು, 'ನೀವ್ ಬರೋಗಂಟ ತಡಕಳಕ್ಕಾಗ್ದೆ ಅಸ ಆಲು ಬುಟ್ಬುಡ್ತು ಕಣ್ಲಾ' ಎನ್ನುವುದು. ಈ ಉಪಾಯಕ್ಕೆ ತನಗೆ ಎಮ್ಮೆಲ್ಲೆ ಟಿಕೆಟ್ಟೇ ಕೊಡಬೇಕು ಅನ್ನಿಸಿತು.

ಮೀಸೆ ಮುಚ್ಚುವಂತೆ ಸೆರಗು ಹೊದ್ದು ಕೊಟ್ಟಿಗೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡ; ಹೊರಗಿನ ಅಗುಳಿ ತಾನಾಗಿ ಬಿತ್ತು. ಚಲುವಮ್ಮ ಕರೆಯುವಾಗ ಹಗ್ಗ ಬಿಚ್ಚುತ್ತಾಳೆಂದು ನೆನಪಾಗಿ ಹಗ್ಗ ಬಿಚ್ಚಿದ. ಕೆಮ್ಮಿಯೂ ನೋಡಿದ.

ಚುಕ್ಕಿ ಮೂಸಿತು. ಮೊದಲು ಸೆರಗು, ಆಮೇಲೆ ಸೊಂಟ, ಆಮೇಲೆ ಸೊಂಟದಲ್ಲಿದ್ದ ಬೀಡಿ ಕಟ್ಟು. ಬೀಡಿಯ ಹತ್ತಿರ ಮೂತಿ ನಿಂತಿತು. ತಲೆಯೆತ್ತಿ ಅವನ ಮುಖವನ್ನೇ ನೋಡಿತು. ಸಾಲಗಾರನ ಸುಳ್ಳು ಕೇಳಿದ ಬ್ಯಾಂಕಿನ ಮ್ಯಾನೇಜರು ಕೂಡ ಹಾಗೆ ನೋಡುವುದಿಲ್ಲ.

ಚುಕ್ಕಿ ನಿಧಾನಕ್ಕೆ ಬಾಗಿಲ ಹತ್ತಿರ ನಡೆದು, ಹಲಗೆಯ ಮೇಲಿಂದ ಕತ್ತು ಚಾಚಿ, ಹೊರಗಿನ ಅಗುಳಿಗೆ ನಾಲಿಗೆ ಸುತ್ತಿ ಎತ್ತಿತು. ಬಾಗಿಲು ತೆರೆಯಿತು. ಆಚೆ ಹೋಯಿತು. ತಿರುಗಿ, ಹಿಂಭಾಗದಿಂದ ಬಾಗಿಲನ್ನು ತಳ್ಳಿತು. ಅಗುಳಿ ಟಪ್ಪನೆ ಬಿತ್ತು.

"ಲೇ! ಚುಕ್ಕಿ! ಏನೇ ಇದು!"

ಹಲಗೆಯ ಮೇಲಿಂದ ಕೈ ಹಾಕಿದ, ಎಟುಕಲಿಲ್ಲ. ಹತ್ತಲು ಹೋದ, ಸೀರೆ ಕಾಲಿಗೆ ಸುತ್ತಿಕೊಂಡು ಗಂಜಲದ ಮೇಲೆ ಧೊಪ್ಪನೆ ಬಿದ್ದ. ಎದ್ದು ನೋಡಿದರೆ ಒಳಗಿಂದ ಕಾಣುತ್ತಿದ್ದುದು ಇಷ್ಟೇ: ಒಂದು ಮಸಿ ಹಿಡಿದ ಗೋಡೆ, ಒಂದು ತೊಟ್ಟಿ, ಹಲಗೆ ಸಂದಿಯಲ್ಲಿ ಬೇವಿನ ಮರದ ಒಂದು ಕೊಂಬೆ. ಮೂರು ವರ್ಷದಿಂದ ಚುಕ್ಕಿ ನೋಡುತ್ತಿದ್ದುದು ಇದನ್ನೇ ಅಲ್ಲವೇ ಎಂದು ಅವನಿಗೆ ಮೊದಲ ಸಲ ಹೊಳೆಯಿತು. ಆ ಸಂದಿಯಲ್ಲಿ ಈಗ ಒಂದು ದೊಡ್ಡ ಕಣ್ಣು. ಚುಕ್ಕಿ ಮೆಲುಕು ಹಾಕುವುದನ್ನೂ ನಿಲ್ಲಿಸಿ ಅವನನ್ನು ನೋಡುತ್ತಿತ್ತು.

ಅಷ್ಟರಲ್ಲಿ ಊರು ಬಂತು. ಮುಂದೆ ಪುಟ್ಟರಾಜು, ಪಕ್ಕದಲ್ಲಿ ಎದುರುಮನೆಯ ಮುದುಕಿ ಮಾಯಮ್ಮ, ಹಿಂದೆ ಡೈರಿಯ ಅರ್ಧ ಜನ. ಕುಳ್ಳಯ್ಯ ಬೆನ್ನು ತಿರುಗಿಸಿ ಗೋಡೆ ಮೂಲೆಗೆ ಕೂತ.

"ಅತ್ಗೆ, ಕುಳ್ಳಣ್ಣ ಎಲ್ಲಿ? ಅಸ ಯಾಕೆ ಆಚೆ ಐತೆ?" ಎಂದ ಪುಟ್ಟರಾಜು.

"ಕೆರೆ ಕಡೀಕೋಗವ್ರೆ," ಎಂದಿತು ಒಳಗಿನ ಸಣ್ಣ ದನಿ.

ಮಾಯಮ್ಮ ಸಂದಿಗೆ ಕಣ್ಣಿಟ್ಟಳು. "ಗಂಜಾಮ್ಗೆ ವೋದೋಳು ಯಾವಾಗ್ ಬಂದ್ಯೇ ಚಲುವಿ? ಗಂಟ್ಲಿಗೇನಾಯ್ತೇ? ಬಾಗ್ಲು ಕಿರುಗುಟ್ದಂಗೈತೆ."

"ನೆಗಡಿ ಕಣತ್ತೆ."

"ನೆಗಡಿ ಸರಿ. ಕಾಲ್ಮೇಲೆ ಅಷ್ಟುದ್ದ ಕೂದ್ಲು ಯಾಕೆ ಬೆಳೀತವ್ವಾ?"

ಅದೇ ಗಳಿಗೆಗೆ ಮನೆ ಮುಂದೆ ಆಟೋ ನಿಂತಿತು. ಪ್ರಸಾದದ ನಿಂಬೆಹಣ್ಣಿನ ಚೀಲ ಹಿಡಿದು ಚಲುವಮ್ಮ ಇಳಿದಳು. ಎಲ್ಲರೂ ಅವಳನ್ನು ನೋಡಿದರು, ಕೊಟ್ಟಿಗೆಯೊಳಗಿನ ಚಲುವಮ್ಮನನ್ನು ನೋಡಿದರು. ಮಾಯಮ್ಮ ಎದೆ ಹಿಡಿದು ಕಲ್ಲಿನ ಮೇಲೆ ಕುಸಿದಳು. "ಅಯ್ಯಯ್ಯೋ, ಎರಡಾಗೋಗವ್ಳೆ!"

ಚುಕ್ಕಿ ಮಾತ್ರ ಗಲಿಬಿಲಿಗೊಳ್ಳಲಿಲ್ಲ. ನೇರ ಅಸಲಿ ಚಲುವಮ್ಮನ ಹತ್ತಿರ ಹೋಗಿ ಹೆಗಲಿಗೆ ಮೂತಿ ಉಜ್ಜಿತು. ಕೆಚ್ಚಲಿನಿಂದ ಆಗಲೇ ಹಾಲು ತೊಟ್ಟಿಕ್ಕುತ್ತಿತ್ತು. ಚಲುವಮ್ಮ ಮನೆಯಿಂದ ಬಕೆಟ್ ತಂದು ಬೀದಿಯಲ್ಲೇ ಕೂತು ಕರೆಯತೊಡಗಿದಳು. ಸರ್ ಸರ್ ಎಂದು ಬಕೆಟ್ಟು ತುಂಬತೊಡಗಿತು.

"ಅತ್ಗೆ, ಬಾಗ್ಲು ಆಕ್ದೋರ್ಯಾರು?" ಕಡೆಗೆ ಪುಟ್ಟರಾಜು ಕೇಳಿದ.

"ಇನ್ಯಾರು, ಚುಕ್ಕಿ. ಇವತ್ತಿಂದಲ್ಲ ಕಣಪ್ಪ, ಕರ ಆಗಿದ್ದಾಗ್ಲಿಂದ್ಲೂ ಅಂಗೇಯ. ನಾನು ಅಗುಳಿ ಎತ್ತದ ನೋಡಿ ನೋಡಿ ಕಲ್ತದೆ. ಅಗ್ಗ ಬಿಚ್ಚಿದ್ದಾಗ ಬೇಜಾರಾದ್ರೆ ಬೇವಿನ್ ಮರದ್ಗಂಟ ವೋಗಿ ಬತ್ತದೆ. ಇವ್ರಿಗೆ ಏಳಿದ್ರೆ, ಅಸುಗೆಲ್ಲಿ ಬುದ್ಧಿ ಇದ್ದದು ಅಂತ ನಗ್ತಿದ್ರು."

ಪುಟ್ಟರಾಜು ಹೆದರುತ್ತಲೇ ಅಗುಳಿಗೆ ಕೈ ಹಾಕಲು ಹೋದ. ಚುಕ್ಕಿ ಕೋಡು ಅಲ್ಲಾಡಿಸಿತು. ಅವನು ಎರಡು ಹೆಜ್ಜೆ ಹಿಂದೆ ಹಾರಿದ.

"ನಿಜ ಏಳೋಗಂಟ ಬುಡಲ್ಲ ಕಣ್ಲಾ ಅದು," ಎಂದಳು ಸುಧಾರಿಸಿಕೊಂಡ ಮಾಯಮ್ಮ. "ನಾಳೀಕೆ ನಾಮಪತ್ರ ಚಲುವಿ ಆಕ್ಲಿ. ಇಲ್ಲ ಅಂದ್ರೆ ಚುಕ್ಕೀನೇ ನಿಲ್ಲುಸ್ರಪ್ಪ."

ಸೆರಗು ಜಾರಿ ಮೀಸೆ ಆಚೆ ಬಂದಿತ್ತು. ಕುಳ್ಳಯ್ಯ ಹಲಗೆಗೆ ಹಣೆ ಒತ್ತಿ ನಿಂತ. ಆಚೆಯಿಂದ ಊರಿನಷ್ಟು ಕಣ್ಣು, ಅದರಲ್ಲೊಂದು ಚುಕ್ಕಿಯದು.

"ನಾನು ಯಾವತ್ತೂ ಆಲು ಕರ್ದಿಲ್ಲ ಕಣ್ರಪ್ಪ," ಎಂದ. "ಏಕಾದ್ಸಿ ಸುಳ್ಳು. ಅಮಾಸೆ ಸುಳ್ಳು. ಕೆಮ್ಮೂ ಸುಳ್ಳು. ಅಗುಳಿದೂ ಸುಳ್ಳು ಅಂದ್ಕಂಡೇ ಏಳಿದ್ದೆ... ಅದೊಂದು ನಿಜ ಅಂತ ನಮ್ಮಪ್ಪನಾಣೆ ನಂಗೇ ಗೊತ್ತಿರ್ನಿಲ್ಲ!"