ಡಬ್ಬಿಯೊಳಗಿನ ಕೆಂಪು

ರಜೆಗೆ ಹೋಗುವ ಗಡಿಬಿಡಿಯಲ್ಲಿ ಊಟದ ಡಬ್ಬಿಯನ್ನು ಪ್ರಯೋಗಾಲಯದ ಡ್ರಾಯರಿನಲ್ಲಿ ಮರೆತದ್ದೇ ಎಲ್ಲದಕ್ಕೂ ಮೂಲ. ರಜೆ ಮುಗಿಸಿ ಬಂದ ಬಣ್ಣದಪ್ಪ ಮುಚ್ಚಳ ತೆಗೆದದ್ದೇ ತಡ, ಬೂಷ್ಟು ಹಿಡಿದ ಅನ್ನದ ಕೆಂಪು ನೀರು ಅವನ ಬಿಳಿ ಅಂಗಿಯ ಎದೆಗೇ ಚಿಮ್ಮಿತು.

ಬೂಷ್ಟಿನಿಂದ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವುದು ಅವನ ಕೆಲಸ. ಅದಕ್ಕೇ ಆ ಅಡ್ಡಹೆಸರು. ಅವನು ಸಾಕಿದ ಬೂಷ್ಟುಗಳೆಲ್ಲ ಚೆಂದದ ಬಣ್ಣವನ್ನೇ ಕೊಡುತ್ತಿದ್ದವು, ಆದರೆ ಒಂದೇ ಒಗೆತಕ್ಕೆ ಕೈಕೊಡುತ್ತಿದ್ದವು. ಅವನ ವಿಭಾಗವನ್ನು ಉಳಿಸುವುದೋ ಮುಚ್ಚುವುದೋ ಎಂದು ಹೇಳಲು ದೊಡ್ಡ ಸಾಹೇಬರು ಅವತ್ತೇ ಮಧ್ಯಾಹ್ನ ಬರುವವರಿದ್ದರು.

“ಅಯ್ಯೋ ಪುಣ್ಯಾತ್ಮ, ಈ ಅವತಾರದಲ್ಲಿ ಅವರೆದುರು ನಿಲ್ತೀಯಾ?” ಎಂದು ಪಕ್ಕದ ಮೇಜಿನ ಅಕ್ಕ ಅಂಗಿ ಬಿಚ್ಚಿಸಿ ನಿಂಬೆಹಣ್ಣು ಹಿಂಡಿದಳು. ಕಲೆ ಜಗ್ಗಲಿಲ್ಲ. “ಸೋಪು ಹಾಕ್ಬೇಕು ಸಾರ್,” ಎಂದು ಕಾವಲುಗಾರ ಕಿತ್ತುಕೊಂಡು ತಿಕ್ಕಿದ. ಕಲೆ ನೇರಳೆಗೆ ತಿರುಗಿ ಎಲ್ಲರಿಗೂ ಆಸೆ ಹುಟ್ಟಿಸಿತು. ಜಾಲಿಸಿದರೆ ಮತ್ತೆ ಕೆಂಪು! ಗುಮಾಸ್ತ ಬ್ಲೀಚ್ ಸುರಿದ. ಅಂಗಿ ಸವೆಯಿತು, ಗುಂಡಿ ಉದುರಿತು, ಕಲೆ ಹಾಗೇ ಇತ್ತು.

“ಬೇಡದ ನೆಂಟನ ಥರ ಕೂತ್ಬಿಡ್ತಲ್ಲ ಇದು!” ಎಂದು ಬಣ್ಣದಪ್ಪ ಹಲ್ಲು ಕಡಿದ.

ಹೊರಗಿನ ಬೂಷ್ಟು ಒಳಗೆ ಬಂದರೆ ಹಬೆಯಲ್ಲಿ ಬೇಯಿಸಿ ಕೊಲ್ಲಬೇಕೆಂಬುದು ಅಲ್ಲಿನ ನಿಯಮ. ಅದನ್ನು ಗೋಡೆಗೆ ಅಂಟಿಸಿದವನೂ ಅವನೇ. ಡಬ್ಬಿ, ಅಂಗಿ ಎರಡನ್ನೂ ಹಬೆಯಂತ್ರಕ್ಕೆ ತುರುಕಿ, ಬನಿಯನ್ನಿನ ಮೇಲೆ ಬಿಳಿ ಕೋಟು ತೊಟ್ಟು ನಿಂತ.

ಸಾಹೇಬರು ಬಂದವರೇ ಅವನು ಬಣ್ಣ ಹಾಕಿದ ಬಟ್ಟೆಯನ್ನು ಸೋಪುನೀರಿಗೆ ಅದ್ದಿದರು. ನೀರು ಕೆಂಪಾಯಿತು, ಬಟ್ಟೆ ಬೆಳ್ಳಗಾಯಿತು.

“ಹುಳಿಗೆ, ಸೋಪಿಗೆ, ಬ್ಲೀಚಿಗೆ ಹೆದರದ ಬೂಷ್ಟು ಪ್ರಪಂಚದಲ್ಲೇ ಇಲ್ವೇನಪ್ಪಾ?”

ಬಣ್ಣದಪ್ಪನಿಗೆ ಅಂಗಿಯ ಕಲೆ ನೆನಪಾಯಿತು. ಬಿದ್ದಂಬೀಳ ಓಡಿ ಹಬೆಯಂತ್ರದ ಬಾಗಿಲು ತೆಗೆದ. ಅಂಗಿ ಮುದ್ದೆಯಾಗಿತ್ತು. ಕಲೆ ಮಾತ್ರ ಬೆಳಗ್ಗೆಗಿಂತ ಕೆಂಪಗೆ ಹೊಳೆಯುತ್ತಿತ್ತು.

“ಭೇಷ್!” ನಿಂಬೆ, ಸೋಪು, ಬ್ಲೀಚಿನ ಕತೆ ಕೇಳಿ ಸಾಹೇಬರು ಅಂಗಿಯನ್ನು ಬೆಳಕಿಗೆ ಹಿಡಿದರು. “ಇದೇ ನಮಗೆ ಬೇಕಾಗಿದ್ದು. ಎಲ್ಲಿ, ಇದರ ಬೂಷ್ಟು ತೋರ್ಸು.”

“ಸತ್ತೋಯ್ತು ಸಾರ್,” ಎಂದು ಬಣ್ಣದಪ್ಪ ಹಬೆಯಂತ್ರದಿಂದ ಡಬ್ಬಿ ಎತ್ತಿ ತೋರಿಸಿದ. “ಈಗಷ್ಟೇ ನಾನೇ ಬೇಯಿಸ್ಬಿಟ್ಟೆ.”

ಸಾಹೇಬರು ಅಂಗಿಯನ್ನು ಅವನ ಕೈಗೇ ಕೊಟ್ಟು, ವಿಭಾಗಕ್ಕೆ ಬೀಗ ಹಾಕಿಸಿ ಹೋದರು.

ಈಗ ಮನೆಯಲ್ಲಿ ಅವನ ಊಟದ ಡಬ್ಬಿಯನ್ನು ಯಾರೂ ತೊಳೆಯುವಂತಿಲ್ಲ. ಹೆಂಡತಿ ಮೂಗು ಮುಚ್ಚಿಕೊಂಡೇ ಬೈಯುತ್ತಾಳೆ. ತಾನಾಗಿ ಮನೆಬಾಗಿಲಿಗೆ ಬಂದದ್ದನ್ನು ಕೈಯಾರೆ ಕೊಂದೆನಲ್ಲ ಎಂಬ ಸಂಕಟ ಅವನಿಗೆ. ದಿನಾ ಮುಚ್ಚಳ ತೆಗೆದು ನೋಡುತ್ತಾನೆ. ಬೂಷ್ಟೇನೋ ಸೊಗಸಾಗಿಯೇ ಬರುತ್ತದೆ, ಬರೀ ಬೂದಿ ಬಣ್ಣದ್ದು.